ನಾನು ‘ಆತು’ ಅಂದ ಉಗಾದಿ

ಬೀಳಗಿಯಲ್ಲಿ ನಾನು ಪಾಠ ಹೇಳುವ ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರವಿದೆ. ವರ್ಷದುದ್ದಕ್ಕೂ ಅದು ಇದ್ದೂ ಇಲ್ಲದ ಹಾಗೆ. ಮಕ್ಕಳು ಅದರ ಬುಡಕ್ಕೆ ಸೈಕಲ್ಲು ಒರಗಿಸುತ್ತಾರೆ, ನಾವು ಅದರ ನೆರಳಿನಲ್ಲಿ ಸ್ಕೂಟಿ ನಿಲ್ಲಿಸುತ್ತೇವೆ, ಅಷ್ಟೇ. ಆದರೆ ಹೋಳಿ ಮುಗಿದು ಬಿಸಿಲು ಬಲಿಯತೊಡಗಿದಾಗ ಒಂದು ಬೆಳಗ್ಗೆ ಗೇಟು ದಾಟಿದ ಕೂಡಲೇ ಮೂಗಿಗೆ ಬಂದು ಬಡಿಯುತ್ತದೆ ನೋಡಿ, ಆ ವಾಸನೆ. ಕಹಿ ಮರದ ಹೂವಿಗೆ ಅಷ್ಟು ಸಿಹಿ ವಾಸನೆ ದೇವರು ಯಾಕೆ ಕೊಟ್ಟನೋ ಏನೋ. ಮೊನ್ನೆ ಸೋಮವಾರ ಹಾಗೇ ಆಯಿತು. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ಮರದ ಕೆಳಗೆ ನಿಂತವಳು, ಗಂಟೆ ಹೊಡೆದದ್ದೂ ಕೇಳದೆ ಒಬ್ಬಳೇ ನಗುತ್ತಿದ್ದೆನಂತೆ. ಜೊತೆಯ ಶಿಕ್ಷಕಿ ಬಂದು ಏನಾಯಿತೆಂದು ಗಾಬರಿಯಿಂದ ಕೇಳಿದರು. ಹೇಳಲು ಒಂದು ತಾಸು ಬೇಕು, ಊಟಕ್ಕೆ ಕೂತಾಗ ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಹೇಳಿ ಮುಗಿಸಿದ ಮೇಲೂ ನನ್ನ ಉತ್ಸಾಹ ಇಳಿದಿಲ್ಲ.

ಆಗ ನನಗಿನ್ನೂ ನೌಕರಿ ಸಿಕ್ಕಿರಲಿಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ತವರು ಮುಧೋಳ ತಾಲೂಕಿನ ತಿಮ್ಮಾಪುರದ ಹತ್ತಿರ, ಸುತ್ತ ಎಲ್ಲಿ ನೋಡಿದರೂ ಕಬ್ಬು. ಗಂಡನ ಮನೆ ರಬಕವಿ, ನೇಕಾರರ ಓಣಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮು. ಬೆಳಗಾದರೆ ಖಟಪಟ ಶುರು. ಮೊದಲ ವಾರ ನನಗೆ ನನ್ನ ತಲೆಯೊಳಗೇ ಯಾರೋ ಸೀರೆ ನೇಯುತ್ತಿದ್ದಾರೆ ಅನಿಸಿತ್ತು. ಆ ಸದ್ದಿನಲ್ಲಿ ಬಾಯಿ ಬಿಟ್ಟು ಮಾತಾಡಿ ಉಪಯೋಗವಿಲ್ಲ, ಹೀಗಾಗಿ ಆ ಮನೆಯಲ್ಲಿ ಎಲ್ಲರೂ ಕೈಯಿಂದ ಮಾತಾಡುತ್ತಾರೆ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು ಬೇಕು, ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ನೂಲು ಹರಿದಿದೆ. ನನ್ನಂಥ ಬಾಯಿಬಡುಕಿಗೆ ಅದೆಂಥ ಶಿಕ್ಷೆ, ನೀವೇ ಊಹಿಸಿಕೊಳ್ಳಿ.

ಆ ಕೈಭಾಷೆಯ ಮೊದಲ ಪಾಠವೇ ಫಜೀತಿಯಾಗಿತ್ತು. ಒಂದು ದಿನ ಕಂಡಿಕಿ ಕೊಡುವ ಕೆಲಸಕ್ಕೆ ನನ್ನನ್ನು ಕೂರಿಸಿದರು. ಕಂಡಿಕಿ ಅಂದರೆ ನೂಲು ಸುತ್ತಿದ ಕಡ್ಡಿ. ಅದನ್ನು ಲಾಳಿಯೊಳಗೆ ಇಟ್ಟರೆ ಮಗ್ಗ ಓಡುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಗಂಡ ಮಹಾಂತೇಶ ಮಗ್ಗದ ಹತ್ತಿರದಿಂದ ನನ್ನ ಕಡೆ ನೋಡಿ ಅಂಗೈ ಹೊರಳಿಸಿದರು. ನಮ್ಮ ತವರಿನಲ್ಲಿ ಹಾಗೆ ಅಂಗೈ ಹೊರಳಿಸಿದರೆ ‘ಆತು’ ಎಂದರ್ಥ. ಊಟಕ್ಕೆ ಕೂತ ಅಪ್ಪ ಮೂರನೇ ಹೋಳಿಗೆ ಹಾಕಲು ಬಂದರೆ ಹಾಗೇ ಮಾಡುತ್ತಾನೆ. ಆತು, ಸಾಕು, ಇನ್ನು ಬೇಡ. ನನ್ನ ಕೆಲಸ ಮುಗಿಯಿತೆಂದು ನಾನು ಎದ್ದು ಸೆರಗು ಝಾಡಿಸಿ ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹಿಂದೆ ಮಗ್ಗ ನಿಂತೇ ಹೋಗಿತ್ತು. ನೇಕಾರರಲ್ಲೂ ಆ ಸನ್ನೆಗೆ ‘ಆತು’ ಎಂದೇ ಅರ್ಥ, ಆದರೆ ಕಂಡಿಕಿಯ ನೂಲು ಆತು, ಖಾಲಿಯಾಯಿತು, ಬೇಗ ಇನ್ನೊಂದು ಕೊಡು ಅಂತ. ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಗ್ಗದ ಹತ್ತಿರ ಆತು ಅಂದರೆ ತಾ, ಅಡುಗೆಮನೆಯಲ್ಲಿ ಆತು ಅಂದರೆ ಸಾಕು ಎಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಅದರಲ್ಲಿ ಅರ್ಧ ಮಾತ್ರ ಸರಿ ಎಂಬುದು ಗೊತ್ತಾದದ್ದು ಉಗಾದಿಯ ದಿನ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆ ಗಂಗವ್ವ ಇಡೀ ಓಣಿಯಲ್ಲಿ ಹೆಸರಾದದ್ದು ಕುಡಿಸುವುದರಲ್ಲಿ. ಅಯ್ಯೋ, ತಪ್ಪು ತಿಳಿಯಬೇಡಿ, ಪಾನಕ ಮಜ್ಜಿಗೆ ಕುಡಿಸುವುದರಲ್ಲಿ. ಬೇಸಿಗೆ ಬಂತೆಂದರೆ ಅವರ ಪಡಸಾಲೆಯಲ್ಲಿ ಒಂದಲ್ಲ ಒಂದು ಪಾತ್ರೆ ಒದ್ದೆ ಬಟ್ಟೆ ಹೊದ್ದು ಕೂತಿರುತ್ತಿತ್ತು. ನಿಂಬು ಶರಬತ್ತು, ಹುಣಸೆಹಣ್ಣಿನ ಪಾನಕ, ಇಂಗಿನ ಒಗ್ಗರಣೆ ಕೊಟ್ಟ ಮಜ್ಜಿಗೆ, ಜೋಳದ ಅಂಬಲಿ. ಯಾರು ಬಂದರೂ ಕುಡಿಯದೆ ಹೋಗುವಂತಿರಲಿಲ್ಲ. ವಿದ್ಯುತ್ ಮೀಟರು ನೋಡಲು ಬಂದವನೂ ಮೊದಲು ಗ್ಲಾಸು ಹಿಡಿಯಬೇಕು, ಆಮೇಲೆ ಮೀಟರು. ಓಣಿಯ ಹೆಂಗಸರು ತಾವು ಹಾಕಿದ ಉಪ್ಪಿನಕಾಯಿಯನ್ನೋ ಕಾಸಿದ ಅಂಬಲಿಯನ್ನೋ ವಾಟಗದಲ್ಲಿ ತಂದು ಗಂಗವ್ವನ ಬಾಯಿಗೆ ಹಚ್ಚಿ, ಅವರು ಹೂಂ ಅಂದ ಮೇಲೆಯೇ ಮನೆಯವರಿಗೆ ಬಡಿಸುತ್ತಿದ್ದರು.

ಇವೆಲ್ಲದರ ಮೇಲೆ ಉಗಾದಿಯ ಬೇವು. ದಕ್ಷಿಣದ ಕಡೆಯವರು ಆ ದಿನ ಬೇವು ಬೆಲ್ಲ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರಂತೆ. ನಾವು ಕುಡಿಯುತ್ತೇವೆ, ಗ್ಲಾಸಿನ ಮೇಲೆ ಗ್ಲಾಸು. ತಣ್ಣೀರಿನಲ್ಲಿ ಬೆಲ್ಲ ಕರಗಿಸಿ, ಮಾವಿನಕಾಯಿ ತುರಿದು ಹಾಕಿ, ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿ, ಒಣಕೊಬ್ಬರಿ, ಉತ್ತತ್ತಿ, ದ್ರಾಕ್ಷಿ, ಗಸಗಸೆ, ಏಲಕ್ಕಿ, ಮೇಲೆ ಹೆಚ್ಚಿದ ಬಾಳೆಹಣ್ಣು. ಎಲ್ಲ ಆದ ಮೇಲೆ ಕೊನೆಗೆ ಬೇವಿನ ಹೂವು. ಆ ಹೂವಿನಲ್ಲಿದೆ ಎಲ್ಲ ಗುಟ್ಟು. ಅತ್ತೆಯ ಬೇವಿನಲ್ಲಿ ಕಹಿ ಮೊದಲು ಗೊತ್ತಾಗುವುದೇ ಇಲ್ಲ; ಗ್ಲಾಸು ಕೆಳಗಿಟ್ಟ ಮೇಲೆ ನಾಲಗೆಯ ಬುಡದಲ್ಲಿ ಹೌದೋ ಅಲ್ಲವೋ ಅನ್ನುವಷ್ಟು ಸುಳಿಯುತ್ತದೆ. ಅದನ್ನು ಅವರು ಮಾಡುವುದು ಒಂದು ಕಪ್ಪು ಹರವಿಯಲ್ಲಿ. ನೀರು ತುಂಬಿಡುವ ದೊಡ್ಡ ಮಣ್ಣಿನ ಮಡಕೆಗೆ ನಮ್ಮಲ್ಲಿ ಹರವಿ ಅನ್ನುತ್ತಾರೆ. ಅದು ಅವರ ಅತ್ತೆಯ ಕಾಲದ್ದು, ವರ್ಷದಲ್ಲಿ ಒಂದೇ ದಿನ ಕೆಳಗಿಳಿಯುತ್ತಿತ್ತು. ಓಣಿಯವರೆಲ್ಲ ಬೇವು ಕುಡಿಯಲು ಬರುವುದು ಆ ಹರವಿ ಇರುವ ಮನೆಗೆ. ಹರವಿ ಯಾರ ಮನೆಯಲ್ಲೋ ಉಗಾದಿ ಅವರ ಮನೆಯಲ್ಲಿ, ಹಾಗೆ ನಡೆದುಬಂದಿತ್ತು.

ಆ ಚಳಿಗಾಲದಲ್ಲಿ ಅತ್ತೆಗೆ ಒಂದು ವಾರ ಜ್ವರ ಬಂತು. ಜ್ವರ ಇಳಿಯಿತು, ಎದ್ದು ಓಡಾಡಿದರು, ನಾವೂ ಮರೆತೆವು. ಊಟ ಕಡಿಮೆಯಾಗಿತ್ತು. ರೊಟ್ಟಿ ಅರ್ಧಕ್ಕೇ ಬಿಟ್ಟು ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಶಿವರಾತ್ರಿಯ ದಿನ ಬೆಳಗ್ಗೆ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಹಾಲು ಹೊತ್ತಿದ ವಾಸನೆ ಬಂತು, ಅದೂ ಎಂಥ ವಾಸನೆ, ಹಿಂದಿನ ಶೆಡ್ಡಿನಿಂದ ಮಹಾಂತೇಶ ಮಗ್ಗ ನಿಲ್ಲಿಸಿ ಓಡಿ ಬಂದರು. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಪಾತ್ರೆಯಿಂದ ಕಪ್ಪು ಹೊಗೆ, ಅದಕ್ಕೆ ಬೆನ್ನು ಮಾಡಿಕೊಂಡು ಒಂದು ಮೊಳ ದೂರದಲ್ಲಿ ಅತ್ತೆ ನೆಮ್ಮದಿಯಾಗಿ ಕೊತ್ತಂಬರಿ ಸೋಸುತ್ತ ಕೂತಿದ್ದಾರೆ. ನಮ್ಮ ಮುಖ ನೋಡಿದ ಮೇಲೆಯೇ ಅವರು ತಿರುಗಿ ನೋಡಿದ್ದು. ಕಣ್ಣು ಹತ್ತಿತ್ತು ಅಂದರು. ಕಣ್ಣು ಹತ್ತಿದವರ ಕೈ ಕೊತ್ತಂಬರಿ ಸೋಸುವುದಿಲ್ಲ.

ನನ್ನ ಸ್ವಭಾವ ಗೊತ್ತಲ್ಲ, ತಲೆಗೆ ಒಂದು ಹುಳ ಹೊಕ್ಕರೆ ಸುಮ್ಮನಿರುವವಳಲ್ಲ. ಮಧ್ಯಾಹ್ನ ನಿಂಬೆಹಣ್ಣು ಹಿಂಡಿದೆ, ನೀರು ಬೆರೆಸಿದೆ. ಸಕ್ಕರೆ ಹಾಕಲಿಲ್ಲ, ಉಪ್ಪೂ ಹಾಕಲಿಲ್ಲ. ಕುಡಿದು ಹೇಗಾಗಿದೆ ಹೇಳಿ ಅಂತ ಅತ್ತೆಯ ಕೈಗೆ ಕೊಟ್ಟೆ. ಅವರು ಪೂರ್ತಿ ಗ್ಲಾಸು ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು, ಛಲೋ ಆಗೇತಿ, ಸಕ್ಕರಿ ಹದಾ ಬಿದ್ದೈತಿ ಅಂದರು. ನನಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಅವರ ಪಕ್ಕ ಕೂತು, ಅದರಲ್ಲಿ ಸಕ್ಕರೆಯನ್ನೇ ಹಾಕಿರಲಿಲ್ಲ ಅಂತ ಹೇಳಿಬಿಟ್ಟೆ.

ಅವರು ಖಾಲಿ ಗ್ಲಾಸನ್ನು ನೆಲಕ್ಕಿಟ್ಟು ಬಾಗಿಲ ಕಡೆ ಒಮ್ಮೆ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

“ಎರಡ ತಿಂಗಳಾತು ಶೈಲವ್ವ,” ಅಂದರು. “ಬಾಯಾಗ ಏನ ಇಟ್ರೂ ಹತ್ತಿ ಜಗದಂಗ ಆಕ್ಕೈತಿ. ಯಾರ ಮುಂದೂ ಹೇಳಬ್ಯಾಡ.”

ಮಗನಿಗೂ ಹೇಳಿರಲಿಲ್ಲ. ಎರಡು ತಿಂಗಳು ಬರೀ ಕೈಯ ಅಳತೆಯ ಮೇಲೆ ಅಡುಗೆ ಮಾಡಿದ್ದರು. ಒಂದು ಮುಷ್ಟಿ, ಒಂದು ಚಿಟಿಕೆ, ಇಷ್ಟು ಬೆಲ್ಲಕ್ಕೆ ಇಷ್ಟು ಹುಣಸೆ. ಕೈ ಇಷ್ಟು ದಿನ ಕಾಪಾಡಿತ್ತು, ಆದರೆ ಮಾವಿನಕಾಯಿಯ ಹುಳಿ ಒಂದೊಂದರದ್ದು ಒಂದೊಂದು ಥರ, ಬೇವಿನ ಹೂವಿನ ಕಹಿ ಮರಕ್ಕೊಂದು ಥರ, ಅದು ಕೈಗೆ ಹೇಗೆ ಗೊತ್ತಾಗಬೇಕು? ಉಗಾದಿ ಒಂದು ತಿಂಗಳಿತ್ತು. ಅದನ್ನು ನೆನೆದೇ ಅವರ ಊಟ ಇನ್ನಷ್ಟು ಇಳಿದಿತ್ತು.

“ಈ ಸಲ ಬೇವ ಕೆಟ್ಟರ ಹರವಿ ನೀಲವ್ವನ ಮನಿಗೆ ಕೊಟ್ಟ ಬಿಡ್ತೇನಿ,” ಅಂದರು. “ನಾಲಗಿ ಇಲ್ಲದಾಕಿ ಕೈಯಾಗ ಅದು ಇರಬಾರದು.”

ನೀಲವ್ವ ಎದುರು ಮನೆಯವರು. ಗಟ್ಟಿ ಗಂಟಲು, ಎಲ್ಲರ ಮನೆಯ ಒಗ್ಗರಣೆಯಲ್ಲೂ ಅವರ ಮೂಗು. ಹರವಿ ಅವರ ಪಡಸಾಲೆಯಲ್ಲಿ ಕೂತದ್ದನ್ನು ಮನಸ್ಸಿನಲ್ಲಿ ನೋಡಿಯೇ ನನಗೆ ಸಿಟ್ಟು ಬಂತು. ಕೊಡುವುದಿಲ್ಲ ಅಂದೆ. ನಾಲಗೆ ನನ್ನದು, ಕೈ ನಿಮ್ಮದು, ನೋಡೇ ಬಿಡೋಣ ಅಂದೆ. ಮಜ್ಜಿಗೆಗೆ ಉಪ್ಪು ಎಷ್ಟು ಹಾಕಬೇಕೆಂದು ತಿಳಿಯದ ಹುಡುಗಿ ನಾನು, ಎಲ್ಲಿಂದ ಬಂತೋ ಆ ಧೈರ್ಯ.

ಮೊದಲು ಅವರನ್ನು ಜಮಖಂಡಿಗೆ ಕರೆದುಕೊಂಡು ಹೋದೆ, ಬಸ್ಸಿನಲ್ಲಿ, ಸಂತೆಗೆ ಹೋಗುತ್ತೇವೆ ಅಂತ ಸುಳ್ಳು ಹೇಳಿ. ಡಾಕ್ಟರು ಮೂಗು ಬಾಯಿ ನೋಡಿ, ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ, ಬರಬಹುದು, ಯಾವಾಗ ಅಂತ ಹೇಳಲಾಗುವುದಿಲ್ಲ, ದಿನಾ ಖಾರ, ಹುಳಿ, ಘಾಟು ವಸ್ತುಗಳನ್ನು ಮೂಸಿ ನೋಡಿ, ಬಾಯಿಗೆ ಹಾಕಿ ನೋಡಿ ಅಂದರು. ಅತ್ತೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಮಾತ್ರ ಕುಣಿಯುತ್ತಿದ್ದೆ. ದಿನಾ ಒಂದು ಹೊಸ ಪಾನಕ ಮಾಡಿ ಕುಡಿಯಲು ಡಾಕ್ಟರೇ ಹೇಳಿದ ಹಾಗಾಯಿತಲ್ಲ, ಇದಕ್ಕಿಂತ ಒಳ್ಳೆಯ ಔಷಧ ಯಾವ ಮನೆಯಲ್ಲಿ ಸಿಗುತ್ತದೆ?

ಆಹಾ, ಆ ಒಂದು ತಿಂಗಳು. ನನ್ನ ಬದುಕಿನಲ್ಲಿ ಅಷ್ಟು ಕಲಿತ ತಿಂಗಳು ಇನ್ನೊಂದಿಲ್ಲ, ಬಿ.ಎಡ್. ಓದುವಾಗಲೂ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಲವಂಗ, ಇಂಗು, ಶುಂಠಿ ಅವರ ಮೂಗಿಗೆ ಹಿಡಿಯುವುದು. ಆಮೇಲೆ ಆ ದಿನದ ಪಾನಕ. ಅತ್ತೆ ಹೇಳುವುದು, ನಾನು ಮಾಡುವುದು, ಇಬ್ಬರೂ ಕುಡಿಯುವುದು. ಹುಣಸೆಹಣ್ಣಿನ ಪಾನಕಕ್ಕೆ ಮೆಣಸಿನ ಪುಡಿ ಹೆಚ್ಚಾಗಿ ನನ್ನ ಕಣ್ಣಲ್ಲಿ ನೀರು ಬಂತು, ಅತ್ತೆ ಎಳನೀರು ಕುಡಿದ ಹಾಗೆ ಕುಡಿದರು. ಬಡೇಸೋಪನ್ನು ಇಡೀ ದಿನ ನೆನೆಸಿ ಅರೆದು ಸೋಸಿ ಮಾಡಿದ ಶರಬತ್ತು ಎಷ್ಟು ತಂಪಾಗಿತ್ತೆಂದರೆ ಕುಡಿದವರಿಗೆಲ್ಲ ನಿದ್ದೆ ಬಂತು. ತವರಿನಿಂದ ಅಪ್ಪ ಗಾಣದ ಹೊಸ ಬೆಲ್ಲ ಕಳಿಸಿದ. ಅದರ ಬಣ್ಣ ನೋಡಿಯೇ ಅತ್ತೆ ಇದು ಪಾನಕಕ್ಕೆ, ಇದು ಹೋಳಿಗೆಗೆ ಅಂತ ಬೇರೆ ಮಾಡಿದರು. ಪಕ್ಕದ ಓಣಿಯ ಮಾಲತಿ ಕಾಕು, ಮನೆಯಲ್ಲಿ ಮರಾಠಿ ಮಾತಾಡುವವರು, ಅವರ ಹತ್ತಿರ ಹೋಗಿ ಮಾವಿನಕಾಯಿಯ ಪನ್ಹೆ ಕಲಿತು ಬಂದೆ. ಅವರು ಕಾಯಿ ಬೇಯಿಸಿ ತಿರುಳು ತೆಗೆದು ಮಾಡುತ್ತಾರೆ. ಬೇಯಿಸಿದರೆ ಮಾವಿನಕಾಯಿಯ ಜೀವ ಹೋಗುತ್ತದೆ ಅಂತ ಅತ್ತೆಯ ವಾದ. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಒಂದು ತಾಸು ವಾದ ಮಾಡಿದರು, ಅದರಲ್ಲಿ ಒಬ್ಬರಿಗೆ ರುಚಿಯೇ ಗೊತ್ತಾಗುತ್ತಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು.

ಮಾಡಿದ್ದನ್ನೆಲ್ಲ ಕುಡಿದು ಮುಗಿಸುವವರು ಬೇಕಲ್ಲ. ಶೆಡ್ಡಿನ ನೇಕಾರರು ಕುಡಿದರು, ಮಹಾಂತೇಶನ ಗೆಳೆಯರು ಬನಹಟ್ಟಿಯಿಂದ ಬಂದು ಕುಡಿದರು, ನನ್ನ ಕಾಲೇಜಿನ ಗೆಳತಿಯರಿಗೆ ಫೋನು ಮಾಡಿ ಕರೆದೆ, ಅವರೂ ಬಂದು ಕುಡಿದರು. ಚಿಮ್ಮಡದಿಂದ ಒಬ್ಬಳು ಆಟೋ ಮಾಡಿಕೊಂಡು ಬಂದು, ಮೂರು ಗ್ಲಾಸು ಪನ್ಹೆ ಕುಡಿದು, ಬಾಟಲಿಯಲ್ಲಿ ತುಂಬಿಸಿಕೊಂಡು ಹೋದಳು. ಈ ಮನ್ಯಾಗ ಬರೇ ನೀರ ಸಿಗೂದ ಬಂದ್ ಆಗೇತಿ ಅಂತ ಮಹಾಂತೇಶ ಗೊಣಗಿದರು. ಅತ್ತೆ ಎಲ್ಲರಿಗೂ ಬಗ್ಗಿಸಿಕೊಡುತ್ತಿದ್ದರು, ಎಲ್ಲರ ಮುಖ ನೋಡುತ್ತಿದ್ದರು. ಮೊದಲೆಲ್ಲ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮಾಡಿದ್ದು ಹದವಾಗಿದೆಯೆಂದು ಗೊತ್ತಿರುತ್ತಿತ್ತು. ದಿನದ ಕೊನೆಗೆ ನಾನು ಕೇಳುತ್ತಿದ್ದೆ, ಏನಾದರೂ ಗೊತ್ತಾಯಿತಾ? ಅವರು ತಲೆ ಅಲ್ಲಾಡಿಸುತ್ತಿದ್ದರು. ಹೋಳಿ ಬಂತು, ಹೋಯಿತು. ಬೇವಿನ ಮರಗಳು ಹೂ ಬಿಟ್ಟವು. ನಾನು ಒಂದು ಗೊಂಚಲು ಕಿತ್ತು ತಂದು ಅವರ ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿ ಎಳೆದುಕೊಂಡರು. ಏನೂ ಇಲ್ಲ. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ, ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಉಗಾದಿಗೆ ನಾವು ಪಕ್ಕಾ ಯೋಜನೆ ಹಾಕಿದೆವು. ಅಂದು ಬೇವು ಕಲಸುವಾಗ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬಂದು ಕೂತು ಮಾವಿನಕಾಯಿ ತುರಿಯುತ್ತಾರೆ, ಉತ್ತತ್ತಿ ಹೆಚ್ಚುತ್ತಾರೆ. ಅವರೆದುರು ನಾನು ಬೆಲ್ಲ ಸಾಲದು, ಹುಳಿ ಸಾಲದು ಅಂತ ಅತ್ತೆಗೆ ಹೇಳಿದರೆ ಗುಟ್ಟು ಬಯಲು. ದಿನಾ ಮಗ್ಗದ ಸದ್ದಿನಲ್ಲಿ ಏನು ಬೇಕಾದರೂ ಕೂಗಬಹುದು, ಆದರೆ ಹಬ್ಬದ ದಿನ ಮಗ್ಗಕ್ಕೆ ರಜೆ, ಮನೆ ನಿಶ್ಶಬ್ದ, ಪಿಸುಮಾತೂ ಕೇಳುತ್ತದೆ. ಹಾಗಾಗಿ ಕೈಸನ್ನೆ. ನಾನು ರುಚಿ ನೋಡಿ ಹುಬ್ಬು ಮುಟ್ಟಿದರೆ ಬೆಲ್ಲ, ಗದ್ದ ಮುಟ್ಟಿದರೆ ಮಾವಿನಕಾಯಿ, ಕಿವಿಯೋಲೆ ಮುಟ್ಟಿದರೆ ಪುಟಾಣಿ ಹಿಟ್ಟು. ಮೂರು ದಿನ ಅಡುಗೆಮನೆಯಲ್ಲಿ ಕೂತು ಅಭ್ಯಾಸ ಮಾಡಿದೆವು, ಪರೀಕ್ಷೆಗೆ ಕಾಪಿ ಚೀಟಿ ತಯಾರು ಮಾಡುವ ಹುಡುಗಿಯರ ಹಾಗೆ. ಅತ್ತೆ ತಿಂಗಳುಗಳ ನಂತರ ನಕ್ಕರು. ಸಾಕು ಅನ್ನುವುದಕ್ಕೆ ಯಾವ ಸನ್ನೆ ಅಂತ ಮಾತ್ರ ನಾವು ಮಾತಾಡಿಕೊಳ್ಳಲಿಲ್ಲ. ಸಾಕು ಅನ್ನುವುದು ಯಾರಿಗೆ ಗೊತ್ತಿಲ್ಲ ಅಂತ ಬಿಟ್ಟೆವು.

ಉಗಾದಿಯ ಬೆಳಗ್ಗೆ ಅತ್ತೆ ಹರವಿ ಇಳಿಸಿ ತೊಳೆದರು. ಮೊದಲ ಚರಿಗೆ ನೀರು ಬಿದ್ದಾಗ ಆ ಹಳೇ ಮಣ್ಣಿನಿಂದ ಬಂದ ತಂಪು ವಾಸನೆಗೆ ನಾನು ಕಣ್ಣು ಮುಚ್ಚಿದೆ. ದೇವರಿಗೆ ಸಣ್ಣ ಗಿಂಡಿಯಲ್ಲಿ ಬೇರೆ ಮಾಡಿ ಎಡೆ ಹಿಡಿದಾಯಿತು. ಹೆಂಗಸರು ಬಂದರು. ಹರವಿಯ ಮುಂದೆ ಅತ್ತೆ ಕೂತರು, ಎದುರಿಗೆ ನಾಲ್ಕು ಮೊಳ ದೂರದಲ್ಲಿ ನಾನು ಕೊಬ್ಬರಿ ಹೆರೆಯುತ್ತ ಕೂತೆ. ನೀಲವ್ವ ನಡುವೆ. ಅತ್ತೆ ಸವುಟಿನಿಂದ ಎಲ್ಲರ ಅಂಗೈಗೂ ಸ್ವಲ್ಪ ಹಾಕಿದರು, ನನಗೂ ಹಾಕಿದರು. ನಾನು ಹುಬ್ಬು ಮುಟ್ಟಿದೆ, ಬೆಲ್ಲ ಬಿತ್ತು. ಗದ್ದ ಮುಟ್ಟಿದೆ, ಮಾವಿನಕಾಯಿ ಬಿತ್ತು. ಓಹೋ, ಎಷ್ಟು ಸಲೀಸಾಗಿ ನಡೆಯಿತೆಂದರೆ ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನಿಸಿತು. ನೀಲವ್ವ ಒಮ್ಮೆ ನನ್ನನ್ನೂ ಒಮ್ಮೆ ಅತ್ತೆಯನ್ನೂ ನೋಡಿ, ಮತ್ತೆ ಉತ್ತತ್ತಿ ಹೆಚ್ಚತೊಡಗಿದರು.

ಕೊನೆಗೆ ಬೇವಿನ ಹೂವು. ಪರಾತದಲ್ಲಿ ಬಿಡಿಸಿಟ್ಟ ಹೂವಿನ ರಾಶಿಯಿತ್ತು, ದೇವರಿಗೆ, ಬಾಗಿಲಿಗೆ, ಅಕ್ಕಪಕ್ಕದವರಿಗೆ ಹಂಚಲು ಅಂತ ತಂದದ್ದು. ಅತ್ತೆ ಅದರಿಂದ ಒಂದು ಚಿಟಿಕೆ ತೆಗೆದು ಹಾಕಿ ತಿರುವಿ, ನನ್ನ ಅಂಗೈಗೆ ಹಾಕಿದರು. ಬಾಯಿಗೆ ಇಟ್ಟೆ. ಅದೇ. ಅತ್ತೆಯ ಬೇವು. ಹೌದೋ ಅಲ್ಲವೋ ಅನ್ನುವಷ್ಟೇ ಕಹಿ. ನನಗೆ ಎಂಥ ಸಂತೋಷವಾಯಿತೆಂದರೆ ತಡೆಯಲಾರದೆ ಅಂಗೈ ಹೊರಳಿಸಿದೆ, ಆತು.

ಅತ್ತೆ ಒಂದು ಮುಷ್ಟಿ ಹೂವು ತೆಗೆದು ಹಾಕಿದರು.

ನೋಡಿಲ್ಲವೇನೋ ಎಂದು ಮತ್ತೆ ಜೋರಾಗಿ ಹೊರಳಿಸಿದೆ. ಮತ್ತೊಂದು ಮುಷ್ಟಿ. ಎರಡೂ ಕೈ ಹೊರಳಿಸಿದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು, ಇನ್ನೂ ಬೇಕಾ ಅನ್ನುವ ಹಾಗೆ, ಎರಡು ಮುಷ್ಟಿ ಹಾಕಿದರು. ಆಗ ನಾನು ಗುಟ್ಟು ಗಿಟ್ಟು ಎಲ್ಲ ಮರೆತು ಕೂಗಿಬಿಟ್ಟೆ, “ಆತ್ರೀ ಅತ್ತಿ, ಆತು!”

ನಲವತ್ತು ವರ್ಷ ಆ ಶೆಡ್ಡಿನಲ್ಲಿ ಆ ಸನ್ನೆ ಕಂಡರೂ ಸರಿ, ಆ ಮಾತು ಕೇಳಿದರೂ ಸರಿ, ತಕ್ಷಣ ಕಂಡಿಕಿ ಎತ್ತಿಕೊಟ್ಟ ಕೈ ಅದು. ಯೋಚನೆ ಮಾಡಲಿಲ್ಲ. ಪರಾತ ಎತ್ತಿ ಇದ್ದ ಹೂವನ್ನೆಲ್ಲ ಹರವಿಗೆ ಸುರಿಯಿತು.

ಹೆಂಗಸರೆಲ್ಲ ಹರವಿಯೊಳಗೆ ಬಗ್ಗಿ ನೋಡಿದರು. ನಾನು ಓಡಿಹೋಗಿ ಇನ್ನೆರಡು ಹೆಂಟೆ ಬೆಲ್ಲ ಹಾಕಿದೆ, ಜರಡಿ ತಂದು ತೇಲುವ ಹೂವನ್ನು ಬಾಚಿದೆ. ರುಚಿ ನೋಡಿದರೆ ಸಿಹಿಯೂ ಹೆಚ್ಚಾಗಿತ್ತು, ಕಹಿ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಅಷ್ಟರಲ್ಲಿ ಗಂಡಸರು, ಮುದುಕರು, ಹೊಸ ಅಂಗಿ ಹಾಕಿದ ಮಕ್ಕಳು ಬಾಗಿಲಿಗೆ ಬಂದಾಗಿತ್ತು. ಬೇವು ಕುಡಿಯಲು ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಈಗ ಹದ ಬಂತು ಅಂದುಕೊಂಡು ಅತ್ತೆ ಸಮಾಧಾನದಿಂದ ಗ್ಲಾಸು ತುಂಬಿಸತೊಡಗಿದರು. ನನ್ನ ಒಂದು ಕೈಸನ್ನೆಯಿಂದ ಹರವಿ ಈ ಮನೆಯಿಂದ ಹೋಯಿತು ಅಂತ ನನಗೆ ಖಾತ್ರಿಯಾಯಿತು.

ಜನ ಕುಡಿದರು. ಮೊದಲ ಗುಟುಕಿಗೆ ಎಲ್ಲರ ಮುಖ ಕಿವುಚಿಕೊಂಡಿತು. ಆದರೆ ಒಬ್ಬರೂ, ಒಬ್ಬರೇ ಒಬ್ಬರೂ ಗ್ಲಾಸು ಕೆಳಗಿಡಲಿಲ್ಲ. ಕಣ್ಣು ಮುಚ್ಚಿ, ಮೂಗು ಹಿಡಿದು, ಗೋಡೆಯ ಕಡೆ ತಿರುಗಿ ಕುಡಿದರು. ಒಂದು ಮಗು ಉಗುಳಲು ಹೋಯಿತು, ಅದರ ತಾಯಿ ಬಾಯಿ ಮುಚ್ಚಿದಳು. ಮಾಲತಿ ಕಾಕು ಕಣ್ಣಲ್ಲಿ ನೀರು ತುಂಬಿಕೊಂಡು, ದೇಹಕ್ಕ ಭಾಳ ಛಲೋ ಇದು ಅಂದರು. ಮಹಾಂತೇಶ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ನೀಲವ್ವ ತಮ್ಮ ಗ್ಲಾಸು ಮುಗಿಸಿ, ಬಾಯಿ ಒರೆಸಿಕೊಂಡು, ಗಟ್ಟಿ ಗಂಟಲಿನಲ್ಲಿ, ವರ್ಷಾ ವರ್ಷಾ ಹಿಂಗ ಆಗಲಿ ಗಂಗಕ್ಕ ಅಂದರು. ಅದು ಕುಟುಕು ಮಾತು ಅಂತ ನನ್ನ ಮೈ ಉರಿದುಹೋಯಿತು.

ನಮ್ಮಲ್ಲಿ ಮಾಡಿದವರು ಕೊನೆಗೆ ಕುಡಿಯಬೇಕು. ಹರವಿಯ ತಳ ಅವರದು. ಅತ್ತೆ ಹರವಿ ವಾಲಿಸಿ ಕೊನೆಯ ಗ್ಲಾಸು ಬಗ್ಗಿಸಿಕೊಂಡರು. ನೆನೆದ ಹೂವು, ಹಿಟ್ಟು, ಎಲ್ಲ ಅದರಲ್ಲೇ ಇಳಿದಿತ್ತು, ಪಾನಕಕ್ಕಿಂತ ಅಂಬಲಿಯೇ ಅನ್ನಬೇಕು. ಸದ್ಯ, ಅವರಿಗೆ ಗೊತ್ತಾಗುವುದಿಲ್ಲವಲ್ಲ ಅಂತ ಒಂದು ಕ್ಷಣ ನನಗೆ ಸಮಾಧಾನವಾಯಿತು. ಅಂಥ ಸಮಾಧಾನಕ್ಕೆ ಆಮೇಲೆ ನಾನೇ ನಾಚಿಕೆಪಟ್ಟೆ.

ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಗ್ಲಾಸು ತುಟಿಯ ಹತ್ತಿರವೇ ನಿಂತಿತು.

“ಕಹಿ,” ಅಂದರು.

ಅತ್ತೆ ಮತ್ತೊಂದು ಗುಟುಕು ಕುಡಿದು, ಬಾಯಲ್ಲೇ ಹಿಡಿದುಕೊಂಡು, ನಿಧಾನವಾಗಿ ನುಂಗಿದರು.

“ಕಹಿ ಐತಿ ಶೈಲವ್ವ. ಎಷ್ಟ ಕಹಿ ಐತಿ ಇದು.”

ನಾನು ಅಂಗಳದ ನಡುವೆಯೇ ಕುಣಿದುಬಿಟ್ಟೆ. ಸೊಸೆ, ಹಬ್ಬ, ಹಿರಿಯರು, ಯಾವುದೂ ನೆನಪಿಗೆ ಬರಲಿಲ್ಲ. ಅವರನ್ನು ಅಪ್ಪಿಕೊಂಡು ಅಳುತ್ತ ನಗುತ್ತ ಎಲ್ಲರೆದುರು ಎಲ್ಲವನ್ನೂ ಹೇಳಿಬಿಟ್ಟೆ, ನಾಲಗೆ, ಡಾಕ್ಟರು, ಹುಬ್ಬು, ಗದ್ದ, ಕಿವಿಯೋಲೆ, ‘ಆತು’. ಮಹಾಂತೇಶ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ತಾಯಿಯ ಕೈ ಹಿಡಿದುಕೊಂಡರು. ಅತ್ತೆ ಮಾತ್ರ ಯಾರ ಕಡೆಗೂ ನೋಡದೆ ಗ್ಲಾಸು ಪೂರ್ತಿ ಮುಗಿಸಿದರು, ತಳದ ಹೂವನ್ನು ಬೆರಳಿನಿಂದ ತೆಗೆದು ತೆಗೆದು ಅಗಿದರು, ಅಷ್ಟು ಆಸೆಯಿಂದ ಯಾರೂ ಹೋಳಿಗೆಯನ್ನೂ ತಿಂದಿರಲಿಕ್ಕಿಲ್ಲ.

ಕೊನೆಗೆ ಅವರು ಹರವಿಯನ್ನು ನೀಲವ್ವನ ಕಡೆ ಸರಿಸಿದರು. ಬೇವು ಕೆಡಿಸಿದ್ದು ಕೆಡಿಸಿದ್ದೇ, ಹೇಳಿದ ಮಾತು ಮಾತೇ, ಅದನ್ನು ಇನ್ನು ಮೇಲೆ ನೀನು ಇಟ್ಟುಕೋ ಅಂದರು. ನೀಲವ್ವ ಹರವಿಯನ್ನು ಮುಟ್ಟಲಿಲ್ಲ.

“ನಮಗ ಗೊತ್ತಿತ್ತ ಬಿಡ ಗಂಗಕ್ಕ,” ಅಂದರು. ಮೊದಲ ಸಲ ಅವರ ಗಂಟಲು ಮೆತ್ತಗಿತ್ತು. “ಶಿವರಾತ್ರಿಗಿಂತ ಮೊದಲ ನನ್ನ ಉಪ್ಪಿನಕಾಯಿ ನೆಕ್ಕಿ ಛಲೋ ಐತಿ ಅಂದಿ. ಅದಕ್ಕ ಉಪ್ಪ ಹಾಕೂದ ಮರತಿದ್ನಿ ನಾ.”

ಅಂದರೆ ಇಡೀ ಓಣಿಗೆ ಗೊತ್ತಿತ್ತು. ತಿಂಗಳಿಡೀ ಹೆಂಗಸರು ವಾಟಗ ಹಿಡಿದು ಬಂದದ್ದು, ಗಂಗವ್ವನ ಬಾಯಿಗೆ ಹಚ್ಚಿದ್ದು, ಅವರು ಹೂಂ ಅಂದ ಮೇಲೆ ತಲೆ ಆಡಿಸಿ ಹೋದದ್ದು, ಎಲ್ಲ ಗೊತ್ತಿದ್ದೇ. ನಾನು ಹುಬ್ಬು ಮುಟ್ಟಿ ಗದ್ದ ಮುಟ್ಟಿ ದೊಡ್ಡ ಜಾಣೆಯಂತೆ ಮುಚ್ಚಿಟ್ಟದ್ದನ್ನು ಅವರು ನನಗಿಂತ ಚೆನ್ನಾಗಿ ಮುಚ್ಚಿಟ್ಟಿದ್ದರು. ನೀಲವ್ವನ ಮೇಲೆ ತಿಂಗಳಿಡೀ ಸಿಟ್ಟು ಮಾಡಿಕೊಂಡಿದ್ದಕ್ಕೆ ನನಗೆ ತಲೆ ಎತ್ತಲಾಗಲಿಲ್ಲ. ಅವರೇ ನನ್ನ ಗದ್ದ ಹಿಡಿದೆತ್ತಿ, ಈಗೇನು ಮಾವಿನಕಾಯಿ ಬೇಕೇನು ಅಂತ ಕೇಳಿದರು. ಇಡೀ ಅಂಗಳ ನಕ್ಕಿತು. ಹರವಿ ಇದ್ದಲ್ಲೇ ಉಳಿಯಿತು.

ಅತ್ತೆಗೆ ಉಳಿದ ರುಚಿಗಳು ಒಂದೊಂದಾಗಿ ಬಂದವು. ಬಸವ ಜಯಂತಿಯ ಹೊತ್ತಿಗೆ ಹುಳಿ ಬಂತು, ಮಾಲತಿ ಕಾಕುವಿನ ಪನ್ಹೆ ತರಿಸಿ ಕುಡಿದು, ಜೀವ ಹೋಗಿದೆ ಅಂತ ಈಗ ಖಾತ್ರಿಯಿಂದ ಹೇಳಿದರು. ಆಮೇಲೆ ಉಪ್ಪು, ಕಾರಹುಣ್ಣಿಮೆಗೆ ಸಿಹಿ. ವಾಸನೆ ಮಾತ್ರ ಮುಂದಿನ ವರ್ಷದ ಬೇವಿನ ಹೂವಿನ ಜೊತೆ ಬಂತು. ನನಗೂ ನೌಕರಿ ಸಿಕ್ಕಿ ಬೀಳಗಿಗೆ ಬಂದೆ, ವಾರದ ಕೊನೆಗೆ ರಬಕವಿಗೆ ಹೋಗುತ್ತೇನೆ. ಉಗಾದಿಯ ಹೂವು ಪ್ರತಿ ವರ್ಷ ಈ ಶಾಲೆಯ ಮರದಿಂದಲೇ ಹೋಗುತ್ತದೆ. ಅತ್ತೆಯ ಬೇವು ಮೊದಲಿನಂತೆ ಇಲ್ಲ ಈಗ. ಸ್ವಲ್ಪ ಕಹಿ ಹೆಚ್ಚು. ಓಣಿಯವರು ಅದನ್ನೇ ಕೇಳುತ್ತಾರೆ.

ನಾಳೆ ಊರಿಗೆ ಹೋಗಬೇಕು. ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಮರದ ಕೆಳಗೆ ನಿಂತು ಹೂವು ಬಿಡಿಸಿ ಚೀಲ ತುಂಬಿಸಿ ಅತ್ತೆಗೆ ಫೋನು ಮಾಡಿದೆ. ಒಂದು ಚೀಲ ಆಗಿದೆ, ಇಷ್ಟು ಸಾಕಾ ಅಂತ ಕೇಳಿದೆ. ಅವರು ಶೆಡ್ಡಿನಲ್ಲೇ ಇದ್ದರು, ಮಗ್ಗದ ಖಟಪಟದಲ್ಲಿ ಏನೂ ಕೇಳಿಸಲಿಲ್ಲ. ಏನಂದಿ, ಏನಂದಿ ಅಂತ ಎರಡು ಸಲ ಕೇಳಿದರು. ನಾನು ಗಟ್ಟಿಯಾಗಿ ಕೂಗಿದೆ, ಆತ್ರೀ ಅತ್ತಿ, ಆತು.

“ಆತಾ?” ಅಂದರು ಅತ್ತೆ. “ಹಂಗಾರ ಇನ್ನೊಂದ ಚೀಲ ತುಂಬಕೊಂಡ ಬಾ.”